ಅಕ್ವೇರಿಯಂ ಮೀನಿನ ಬಿಳಿಚುಕ್ಕೆ ರೋಗಕ್ಕೆ ನೀಲಿ ಬಾಟಲಿಯೋ, ಹಸಿರು ಔಷಧವೋ, ಸಾಣಿಕಟ್ಟಾ ಉಪ್ಪೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಉಪ್ಪಿಗೆ. ಅದೂ ನಮ್ಮ ಕಡೆಯ ಸಾಣಿಕಟ್ಟಾದ ಹರಳುಪ್ಪಿಗೆ. ಕುಮಟಾದವನು ಅಂತ ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಕಾರವಾರದಿಂದ ತಂದ ಕಪ್ಪು ಮೋಲಿಗಳ ಜೊತೆ ಬಿಳಿಚುಕ್ಕೆ ರೋಗವೂ ಪುಕ್ಕಟೆಯಾಗಿ ಮನೆಗೆ ಬಂತು. ಆ ಮೀನುಗಳನ್ನು ನನ್ನ ಎರಡು ಟ್ಯಾಂಕಿಗೆ ಹಂಚಿ, ಉಳಿದಿದ್ದನ್ನು ಶಿರಸಿಯ ಅಕ್ಕನಿಗೆ ಕೊಟ್ಟಿದ್ದರಿಂದ ಮೂರು ಟ್ಯಾಂಕಿಗೂ ಒಟ್ಟಿಗೇ ಅಂಟಿ, ಮೂರು ಕಡೆ ಮೂರು ಮದ್ದು ಹಾಕಿ ನೋಡುವ ಹಾಗಾಯಿತು. ಒಂದಕ್ಕೆ ಮಿಥಿಲೀನ್ ಬ್ಲೂ, ಅದೇ ಎಲ್ಲರೂ ಕೊಡುವ ನೀಲಿ ಬಾಟಲಿ. ಅಕ್ಕನ ಮನೆಯಲ್ಲಿ ಮ್ಯಾಲಕೈಟ್ ಗ್ರೀನ್ ಇರುವ ಹಸಿರು ಔಷಧ. ಇನ್ನೊಂದಕ್ಕೆ ಉಪ್ಪು ಮತ್ತು ಹೀಟರ್.

ಮದ್ದು ಯಾವುದು ಅನ್ನುವ ಮೊದಲು ರೋಗ ಅದೇನಾ ಅಂತ ನೋಡಿಕೊಳ್ಳಿ. ಟ್ಯಾಂಕಿನ ಲೈಟ್ ಆರಿಸಿ, ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ಮೈಮೇಲೆ, ರೆಕ್ಕೆ ಮೇಲೆ ಸಣ್ಣ ರವೆ ಅಂಟಿದ ಹಾಗೆ ಬಿಡಿಬಿಡಿ ಬಿಳಿ ಕಾಳು ಕಂಡರೆ, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಬಿಳಿಚುಕ್ಕೆ. ಕಾಳಿಲ್ಲದೆ ಹಳದಿ ಬಣ್ಣದ ನುಣ್ಣನೆ ಪುಡಿ ಕಂಡರೆ ಅದು ವೆಲ್ವೆಟ್, ಬೇರೆ ರೋಗ. ಬಾಯಿಯ ಸುತ್ತ ಬೂಸ್ಟಿನ ಹಾಗೆ ಕಾಣುವುದು ಎಷ್ಟೋ ಸಲ ಬೂಸ್ಟೇ ಅಲ್ಲ, ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ. ಅದಕ್ಕೆ ನೀರು ಬಿಸಿ ಮಾಡಿದರೆ ಇನ್ನೂ ಬೇಗ ಹಬ್ಬುತ್ತದೆ. ಹಾಗಾಗಿ ಮುಂದೆ ಓದುವ ಹೀಟರ್ ಮಾತು ಅಂಥ ಮೀನಿಗೆ ಬೇಡ. ಗಂಡು ಗೋಲ್ಡ್‌ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಬಿಳಿ ಚುಕ್ಕೆ ಇದ್ದರೆ ಮದ್ದೇ ಬೇಡ, ಅದು ಜೋಡಿಯಾಗುವ ಕಾಲದ ಗುರುತು. ಚುಕ್ಕೆಯೇ ಇಲ್ಲದೆ ಎಲ್ಲ ಮೀನೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೊದಲು ನೀರಿನ ಅಮೋನಿಯಾ (ಮೀನಿನ ಕಸದಿಂದ ಸೇರುವ ವಿಷ) ನೋಡಿ, ನೀರು ಬದಲಿಸಿ.

ಬಿಳಿಚುಕ್ಕೆಯ ಜಂತುವಿನ ಹೆಸರು ಇಕ್ತಿಯೋಫ್ತಿರಿಯಸ್, ಸುಮ್ನೆ ಇಕ್ ಅಂತಾರೆ. ಮೀನಿನ ಮೈಮೇಲೆ ಕಾಣುವ ಚುಕ್ಕೆಗೆ ಯಾವ ಮದ್ದೂ ತಾಗುವುದಿಲ್ಲ, ಯಾಕೆಂದರೆ ಅದು ಚರ್ಮದ ಒಳಗೆ ಕೂತಿರುತ್ತದೆ. ಬಲಿತ ಮೇಲೆ ಉದುರಿ ತಳಕ್ಕೆ ಬಿದ್ದು, ಅಲ್ಲೇ ಒಡೆದು ನೂರಾರು ಮರಿಗಳಾಗುತ್ತವೆ. ಆ ಮರಿಗಳು ಮೀನು ಹುಡುಕಿಕೊಂಡು ಈಜುವಾಗ ಮಾತ್ರ ನಮ್ಮ ಕೈಗೆ ಸಿಗುವುದು. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಅವು ತಾವೇ ಸಾಯುತ್ತವೆ. ನೀರು ಬೆಚ್ಚಗಿದ್ದಷ್ಟೂ ಈ ಸುತ್ತು ಬೇಗ ಮುಗಿಯುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ. ಚುಕ್ಕೆ ಹೋಯಿತು ಅಂತ ಮದ್ದು ನಿಲ್ಲಿಸಿದವರ ಟ್ಯಾಂಕಿನಲ್ಲಿ ನಾಲ್ಕು ದಿನ ಬಿಟ್ಟು ಮೊದಲಿಗಿಂತ ಜಾಸ್ತಿ ಚುಕ್ಕೆ ಏಳುವುದು ಇದಕ್ಕೇ.

ಈಗ ನೀಲಿ ಬಾಟಲಿ. ಇದರ ಮೇಲೆ ನನ್ನ ಸಿಟ್ಟು ಒಂದೇ: ಹಾಕಿದ ಮೇಲೆ ಮೀನು ಕಾಣುವುದಿಲ್ಲ. ಇದೇನು ದೊಡ್ಡ ವಿಷಯ ಅನಿಸಬಹುದು. ಆದರೆ ರೋಗ ಎಲ್ಲಿಗೆ ಬಂತು ಅಂತ ತಿಳಿಯಲು ನಮಗಿರುವುದು ಎರಡು ಕಣ್ಣು ಮಾತ್ರ, ಅದನ್ನೇ ಈ ಮದ್ದು ಕಟ್ಟಿಬಿಡುತ್ತದೆ. ಕಡುನೀಲಿ ನೀರು, ಅದರಲ್ಲಿ ಕಪ್ಪು ಮೋಲಿ, ಸಾಲದ್ದಕ್ಕೆ ಬೆಳಕಿಗೆ ಮದ್ದು ಕೆಡುತ್ತದೆ ಅಂತ ಲೈಟೂ ಆರಿಸಿರಬೇಕು. ಗಾಜಿಗೆ ಟಾರ್ಚ್ ಒತ್ತಿ ಹಿಡಿದು ಕೂತರೆ, ಮೀನು ಗಾಜಿಗೆ ಮೂಗು ತಾಗಿಸಿದಾಗ ಒಂದು ಕ್ಷಣ ಬಾಲ ಕಾಣುತ್ತದೆ. ಅದರ ಮೇಲಿರುವುದು ಚುಕ್ಕೆಯೋ ಗಾಳಿಗುಳ್ಳೆಯೋ ಗೊತ್ತಾಗುವಷ್ಟರಲ್ಲಿ ಅದು ಹೋಗಿಯಾಗಿರುತ್ತದೆ.

ಇಷ್ಟೇ ಆಗಿದ್ದರೆ ಕ್ಯಾಲೆಂಡರ್ ನೋಡಿಕೊಂಡು ಮದ್ದು ಮುಗಿಸಬಹುದಿತ್ತು. ಆದರೆ ಈ ನೀಲಿ ಫಿಲ್ಟರ್ ಸ್ಪಂಜಿನಲ್ಲಿರುವ, ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಹೊಡೆಯುತ್ತದೆ. ಅವು ಸತ್ತರೆ ಅಮೋನಿಯಾ ಏರುತ್ತದೆ. ಅಮೋನಿಯಾ ಏರಿದರೆ ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ. ಕಿವಿರಿನಲ್ಲಿ ಬಿಳಿಚುಕ್ಕೆ ತುಂಬಿದರೂ ಮೀನು ಮಾಡುವುದು ಅದನ್ನೇ! ಎರಡರಲ್ಲಿ ಯಾವುದು? ಸರಿ, ಟೆಸ್ಟ್ ಕಿಟ್ ಇದೆಯಲ್ಲ ಅಂತ ಟ್ಯೂಬಿಗೆ ನೀರು ತುಂಬಿ ಹನಿ ಹಾಕಿದೆ. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು ಬರುವ ಕಿಟ್ ಅದು. ಟ್ಯೂಬಿನಲ್ಲಿದ್ದುದು ಮೊದಲೇ ನೀಲಿ ನೀರು, ಹಳದಿ ಬಂದರೂ ಹಸಿರಾಗಿಯೇ ಕಾಣಬೇಕಲ್ವಾ. ಕಿಟ್ಟಿನ ಬಣ್ಣದ ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ, ಹೆಂಡತಿಗೂ ತೋರಿಸಿದೆ, ಅವಳು ಒಂದು ಬಣ್ಣ ಹೇಳಿದಳು, ನಾನು ಇನ್ನೊಂದು. ಬಾಟಲಿ ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ, "ಇನ್ನೂ ನಾಲ್ಕು ಹನಿ ಹಾಕಿ ಸರ್, ಏನಾಗಲ್ಲ" ಅಂದರು. ಹಾಕಲಿಲ್ಲ. ಅರ್ಧದಷ್ಟು ನೀರು ತೆಗೆದು ಹೊಸದು ಹಾಕಿದ ಮೇಲೆ ಮೀನು ಕೆಳಗಿಳಿದವು, ಅಲ್ಲಿಗೆ ಕಾಯಿಲೆಗಿಂತ ಮದ್ದೇ ಜಾಸ್ತಿಯಾಗಿದೆ ಅಂತ ಗೊತ್ತಾಯಿತು. ಆದರೆ ನೀರು ತೆಗೆದರೆ ಮದ್ದೂ ಹೋಗುತ್ತದೆ, ಮತ್ತೆ ಹಾಕಬೇಕು, ಮತ್ತೆ ಕುರುಡು. ನಮ್ಮದು ಬಾವಿ ನೀರು, ಕೊಡ ಎತ್ತಿ ಸುರಿದರಾಯಿತು. ನಲ್ಲಿ ನೀರಿನವರು ಪ್ರತಿ ಸಲವೂ ಕ್ಲೋರಿನ್ ತೆಗೆಯುವ ಹನಿ ಹಾಕಿಕೊಂಡು ಕೂರಬೇಕು.

ಗಾಜಿನ ಮೂಲೆಯ ಸಿಲಿಕಾನ್ ಈಗಲೂ ತಿಳಿನೀಲಿ. ಗಾಳಿಯ ಪೈಪೂ ಅಷ್ಟೆ.

ಹಾಗಂತ ಬಾಟಲಿ ಬಿಸಾಡಬೇಡಿ. ಮೀನಿನ ಮೊಟ್ಟೆಗೆ ಬೂಸ್ಟು ಹಿಡಿಯದಂತೆ ಬೇರೆ ಡಬ್ಬಿಯಲ್ಲಿ ಒಂದೆರಡು ಹನಿ ಹಾಕಲು ಇದಕ್ಕಿಂತ ಒಳ್ಳೆಯದಿಲ್ಲ. ನೈಟ್ರೈಟ್ (ಅಮೋನಿಯಾದಿಂದ ಆಗುವ ಇನ್ನೊಂದು ವಿಷ) ಏರಿ ಉಸಿರು ಕಟ್ಟಿದ ಮೀನನ್ನು ಬಕೆಟಿನಲ್ಲಿ ಅದ್ದಿ ತೆಗೆಯಲೂ ಬರುತ್ತದೆ. ನನ್ನ ತಕರಾರು ಇಡೀ ಟ್ಯಾಂಕಿಗೆ ಸುರಿಯುವುದರ ಬಗ್ಗೆ ಮಾತ್ರ.

ಹಸಿರು ಔಷಧ ಕೆಲಸದಲ್ಲಿ ಚುರುಕು, ಅದನ್ನು ಒಪ್ಪಲೇಬೇಕು. ನೀರಿನ ಬಣ್ಣ ತಿಳಿಯಾಗಿಯೇ ಇರುತ್ತದೆ, ಮೀನು ಕಾಣುತ್ತದೆ. ಅಕ್ಕನ ಟ್ಯಾಂಕಿನಲ್ಲಿ ತಳದಲ್ಲೇ ಓಡಾಡುವ ಲೋಚ್ ಮೀನುಗಳಿವೆ, ಅವಕ್ಕೆ ಮೈಮೇಲೆ ದಪ್ಪ ಹುರುಪೆ ಇಲ್ಲ, ಮದ್ದು ಜೋರಾಗಿ ತಾಗುತ್ತದೆ. ಲೋಚ್, ಟೆಟ್ರಾ ಮೀನು ಇದ್ದರೆ ಅರ್ಧ ಪ್ರಮಾಣವೇ ಗತಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಮದ್ದನ್ನೆಲ್ಲ ಅದೇ ಹೀರುತ್ತದೆ. ಕೈಗೆ ಗ್ಲೌಸ್ ಬೇಕು. ತಿನ್ನುವ ಮೀನಿಗಂತೂ ಹಾಕಲೇಬಾರದು, ಅದಕ್ಕೆ ನಿಷೇಧವೇ ಇದೆ. ಈ ಕಡೆಯ ಮೀನುಸಾರಿನ ಮನೆಗಳಲ್ಲಿ ಆ ಔಷಧ ಅಡಿಗೆಮನೆ ಕಪಾಟಿನಲ್ಲಿ ಇಡದಿದ್ದರೆ ಒಳ್ಳೆಯದು.

ಇನ್ನು ಉಪ್ಪು. ಸಾಣಿಕಟ್ಟಾ ಉಪ್ಪು ಅಘನಾಶಿನಿ ಅಳಿವೆಯ ಗದ್ದೆಯಲ್ಲಿ ಬಿಸಿಲಿಗೆ ಒಣಗಿದ್ದು. ನಾನು ತರುವ ಹರಳುಪ್ಪಿಗೆ ಅಯೋಡಿನ್ ಬೆರೆಸಿರುವುದಿಲ್ಲ, ಪುಡಿ ಉದುರುದುರಾಗಿರಲಿ ಅಂತ ಹಾಕುವ ರಾಸಾಯನಿಕವೂ ಇಲ್ಲ. ಉಪ್ಪಿನಕಾಯಿಗೆ ಅಂತ ಮನೆಯಲ್ಲಿ ಇದ್ದೇ ಇರುತ್ತದೆ. ಹರಳನ್ನು ನೇರವಾಗಿ ಟ್ಯಾಂಕಿಗೆ ಹಾಕಬೇಡಿ, ಬಕೆಟಿನಲ್ಲಿ ಕರಗಿಸಿ ಬಿಡಿ. ಸ್ವಲ್ಪ ಹೊತ್ತಿಗೆ ತಳದಲ್ಲಿ ಕಂದು ಬಣ್ಣದ ತೆಳು ಕೆಸರು ಕೂರುತ್ತದೆ, ಅದನ್ನು ಕಲಕದೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ.

ಲೆಕ್ಕ: ಲೀಟರಿಗೆ 2 ಗ್ರಾಂ. ನನ್ನ 2 ಅಡಿ ಟ್ಯಾಂಕು 60×30×30 ಸೆಂಟಿಮೀಟರ್, ಅಂದರೆ 54 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 45 ಲೀಟರ್ ಇರಬಹುದು, 90 ಗ್ರಾಂ ಉಪ್ಪು ಸಾಕು. ಒಂದೇ ಸಲ ಸುರಿಯದೆ ಒಂದು ದಿನದಲ್ಲಿ ಮೂರು ಭಾಗ ಮಾಡಿ ಹಾಕಿ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆದಿರುತ್ತದೆ, ತೂಕದಲ್ಲಿ ನೀರೂ ಸೇರಿ ಬರುತ್ತದೆ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೂಗಿ. ಇನ್ನೊಂದು ವಿಷಯ, ಆವಿಯಾಗಿ ಇಳಿಯುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಹಾಗಾಗಿ ಇಳಿದಷ್ಟಕ್ಕೆ ಸಪ್ಪೆ ನೀರು ತುಂಬಿ. ನೀವೇ ತೆಗೆದು ಬದಲಿಸಿದ ನೀರಿಗೆ ಮಾತ್ರ ಮತ್ತೆ ಉಪ್ಪು.

ಹೀಟರನ್ನು ನಿಧಾನಕ್ಕೆ 30 ಡಿಗ್ರಿಗೆ ಏರಿಸಿ. ಕುಮಟಾ, ಕಾರವಾರದಲ್ಲಿ ಏಪ್ರಿಲ್-ಮೇ ಸೆಕೆಗೆ ಟ್ಯಾಂಕು ತಾನೇ ಆ ಹತ್ತಿರ ಇರುತ್ತದೆ, ಹೀಟರ್ ಬಹುತೇಕ ಸುಮ್ಮನೆ ಕೂರುತ್ತದೆ. ಶಿರಸಿಯ ಡಿಸೆಂಬರ್ ಚಳಿಯಲ್ಲಿ ಅದಿಲ್ಲದೆ ಆಗದು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುವುದರಿಂದ ಗಾಳಿಯ ಪಂಪ್ ಹಗಲೂ ರಾತ್ರಿ ಓಡಲಿ. ಕರೆಂಟ್ ಹೋಗುವ ದಿನಗಳಿಗೆ ಬ್ಯಾಟರಿಯ ಸಣ್ಣ ಪಂಪ್ ಇಟ್ಟುಕೊಳ್ಳಿ. ಬಿಸಿ ತಡೆದುಕೊಳ್ಳುವ ಇಕ್ ತಳಿಗಳೂ ಇರುವುದರಿಂದ ಬರೀ ಹೀಟರ್ ನಂಬಬೇಡಿ, ಉಪ್ಪು ಬೇಕೇ ಬೇಕು. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಹೀಗೇ ಬಿಡಿ.

ಇದರಲ್ಲಿ ನನಗೆ ಇಷ್ಟವಾಗಿದ್ದು ನೀರು ತಿಳಿಯಾಗಿ ಇರುವುದು. ಚುಕ್ಕೆ ಉದುರಿದ್ದು, ಆಮೇಲೆ ಬಾಲದ ಅಂಚಿನಲ್ಲಿ ಎರಡು ಹೊಸದಾಗಿ ಎದ್ದದ್ದು, ಅವೂ ಹೋದದ್ದು, ಎಲ್ಲ ಕಣ್ಣೆದುರೇ. ಟೆಸ್ಟ್ ಕಿಟ್ಟಿನ ಹಳದಿ ಹಳದಿಯಾಗಿಯೇ ಬಂತು. ಮೋಲಿಗಳಿಗಂತೂ ಉಪ್ಪು ಅಂದರೆ ಹಬ್ಬ.

ಅಕ್ಕನಿಗೆ ಇದನ್ನೇ ಹೇಳಿದೆ. "ತಮಾ, ನಿನ್ನ ಉಪ್ಪು ನಿಂಗೇ ಇರ್ಲಿ, ನನ್ನ ಗಿಡ ಕರಗಿ ಹೋದ್ರೆ ನೀ ತಂದ್ ಕೊಡ್ತ್ಯಾ?" ಅಂದಳು. ಅದೂ ಸರಿಯೇ. ಟ್ಯಾಂಕಿನ ತುಂಬ ಗಿಡ, ಲೋಚ್, ಕೋರಿಡೋರಸ್ ಮೀನು ಇರುವವರಿಗೆ ಅರ್ಧ ಪ್ರಮಾಣದ ಹಸಿರು ಔಷಧವೇ ವಾಸಿ. ನನ್ನದು ಕಲ್ಲು, ಮರದ ಕೊರಡು, ಮೋಲಿ, ಗಪ್ಪಿ. ಸಂಜೆ ಕೆಲಸ ಮುಗಿಸಿ ಬಂದು ಹನಿ ಎಣಿಸುವ ತಾಳ್ಮೆ ನನಗಿಲ್ಲ, ತಕ್ಕಡಿ ಮೇಲೆ ಉಪ್ಪು ತೂಗುವುದು ಆಗುತ್ತದೆ. ಒಂದು ಬಾಟಲಿಯ ದುಡ್ಡಿಗೆ ಉಪ್ಪು ಕೆಜಿಗಟ್ಟಲೆ ಬರುತ್ತದೆ. ಉಳಿದ ದುಡ್ಡಿಗೆ ಪ್ಲಾಸ್ಟಿಕ್ ಟಬ್ ಮತ್ತು ಸ್ಪಂಜ್ ಫಿಲ್ಟರ್ ತಂದಿದ್ದೇನೆ, ಇನ್ನು ಮೇಲೆ ಯಾವ ಅಂಗಡಿಯ ಮೀನಾದರೂ ಮೊದಲ 3 ವಾರ ಆ ಟಬ್ಬಿನಲ್ಲೇ.