ರೂಮು ಸಿಕ್ಕಿತು ಅಂತ ವಾಲ್ ಥೊರಾನ್ಸ್‌ಗೆ ಹೊರಡಬೇಡಿ

ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಮೇ ಕೊನೆಗೆ ಕಡಿಮೆ ಬಾಡಿಗೆಗೆ ಮನೆ ಸಿಗುತ್ತಿದೆಯಾ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ನಾವು ನಾಲ್ಕು ಜನ ಯಾರನ್ನೂ ಕೇಳದೆ ಕಟ್ಟಿಬಿಟ್ಟೆವು.

ವಾಲ್ ಥೊರಾನ್ಸ್ ಇರುವುದು 2300 ಮೀಟರ್ ಎತ್ತರದಲ್ಲಿ. ಫೋಟೋದಲ್ಲಿ ಊರಿನ ಹಾಗೇ ಕಾಣುತ್ತದೆ. ಆದರೆ ಅದು ತಾನಾಗಿ ಬೆಳೆದ ಊರಲ್ಲ, 1970ರ ದಶಕದಲ್ಲಿ ಸ್ಕೀ ಆಡುವವರಿಗಾಗಿಯೇ ಕಟ್ಟಿದ್ದು. ಸ್ಕೀ ಸೀಸನ್ ನವೆಂಬರ್ ಕೊನೆಯಿಂದ ಮೇ ಶುರುವಿನ ತನಕ. ಆಮೇಲೆ ಕೆಲಸಕ್ಕೆ ಬಂದವರೂ ಗಂಟುಮೂಟೆ ಕಟ್ಟುತ್ತಾರೆ. ಬೇಸಿಗೆಯ ಓಡಾಟ ಶುರುವಾಗುವುದು ಜುಲೈ ಹೊತ್ತಿಗೆ. ನಾವು ಹೋಗಿದ್ದು ಇವೆರಡರ ನಡುವೆ.

ಬೆಟ್ಟದ ಕೆಳಗಿನ ಮೂಟಿಯೆ ರೈಲ್ವೆ ಸ್ಟೇಷನ್‌ನಲ್ಲಿ ಇಳಿದರೆ ಮೇಲಕ್ಕೆ ಹೋಗುವ ಬಸ್ಸೇ ಇಲ್ಲ. ಸುಮಾರು 35 ಕಿಲೋಮೀಟರ್ ತಿರುವು ರಸ್ತೆ. "ಅಲ್ಲಿ ಈಗ ಏನಿದೆ?" ಅಂತ ಟ್ಯಾಕ್ಸಿಯವರು ಕೇಳಿದಾಗಲೇ ಎದೆ ಧಸಕ್ಕೆಂದಿತು.

ಬೇಕರಿ, ದಿನಸಿ ಅಂಗಡಿ, ಔಷಧಿ ಅಂಗಡಿ, ಎಲ್ಲದರ ಬಾಗಿಲೂ ಮುಚ್ಚಿತ್ತು. ಸ್ಕೀ ಆಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ತಂತಿ ಅಲ್ಲಾಡದೆ ನಿಂತಿತ್ತು. ಅದರ ಕೆಳಗೆ ಹಿಮ ಕರಗಿ ಬರೀ ಕೆಸರು, ಕೆಸರಲ್ಲಿ ಯಾರದೋ ಒಂಟಿ ಕೆಂಪು ಗ್ಲೌಸು. ಅಷ್ಟು ಎತ್ತರದಲ್ಲಿ ಕಣ್ಣಿಗೆ ತಂಪಾಗಲು ಒಂದು ಮರವೂ ಇಲ್ಲ.

"ನಾಲ್ಕು ಜನರಿಗೆ" ಅಂದಿದ್ದು ಒಂದೇ ಕೋಣೆ. ಇಬ್ಬರಿಗೆ ಬಾಗಿಲ ಪಕ್ಕ, ಕಿಟಕಿಯಿಲ್ಲದ ಮೂಲೆಯಲ್ಲಿ ಒಂದರ ಮೇಲೊಂದು ಮಂಚ. ಹಾಸಿಗೆ ಮೇಲೆ ಬೆಡ್‌ಶೀಟ್ ಇಲ್ಲ. ಅಲ್ಲಿ ಎಷ್ಟೋ ಕಡೆ ಬೆಡ್‌ಶೀಟ್, ಟವೆಲ್ಲು ಬಾಡಿಗೆಯಲ್ಲಿ ಸೇರಿರುವುದಿಲ್ಲವಂತೆ. ಬೇರೆ ದುಡ್ಡು ಕೊಡೋಣ ಅಂದರೂ ಕೊಡುವವರು ಯಾರೂ ಇರಲಿಲ್ಲ. ಅಮ್ಮ ಜಾಕೆಟ್ ಹೊದ್ದು ಮಲಗಿದರು.

ರಾತ್ರಿ ಅವರಿಗೆ ತಲೆ ಸಿಡಿಯಲು ಶುರುವಾಯಿತು. ತಗ್ಗಿನಿಂದ ಒಂದೇ ಏಟಿಗೆ ಅಷ್ಟು ಎತ್ತರಕ್ಕೆ ಹೋದರೆ ಕೆಲವರಿಗೆ ಹೀಗಾಗುತ್ತದೆ. ನಮ್ಮ ಹತ್ತಿರ ಒಂದು ಮಾತ್ರೆಯೂ ಇರಲಿಲ್ಲ. ನೀರು ಕುಡಿಸುತ್ತಾ, ಹಣೆ ಒತ್ತುತ್ತಾ ಬೆಳಗು ಮಾಡಿದೆವು. ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದರೆ, "ರೂಮು ಕೊಟ್ಟಿದ್ದೇವಲ್ಲ" ಅಂದರು. ಕೊಟ್ಟಿದ್ದು ನಿಜ. ಆದರೆ ಊರೇ ಮುಚ್ಚಿರುತ್ತದೆ ಅಂತ ಒಂದು ಮಾತು ಹೇಳಬೇಕಿತ್ತು ಅಲ್ವಾ?

ಬೆಳಗ್ಗೆ ಅದೇ ಕಣಿವೆಯ ಸೇಂಟ್ ಮಾರ್ಟಿನ್‌ಗೆ ಇಳಿದೆವು. ಹಳೇ ಹಳ್ಳಿ, ಎತ್ತರ 1450 ಮೀಟರ್. ವರ್ಷಪೂರ್ತಿ ಜನ ಇರುವ ಊರು. ಮಧ್ಯಾಹ್ನದ ಹೊತ್ತಿಗೆ ಅಮ್ಮನ ತಲೆನೋವು ಇಳಿಯಿತು.

ಸೀಸನ್ ಅಲ್ಲದ ಹೊತ್ತಲ್ಲಿ ಹೋಗಲೇಬೇಕಾದರೆ ಇಂಥ ಹಳ್ಳಿಯಲ್ಲೇ ಉಳಿಯಿರಿ. ಸ್ಕೀಗೆಂದೇ ಕಟ್ಟಿದ ಜಾಗವಾದರೆ ರೂಮು ಖಾಲಿ ಇದೆಯಾ ಅಂತ ಮಾತ್ರ ಕೇಳಬೇಡಿ. ಆ ವಾರ ಅಂಗಡಿ ತೆರೆದಿರುತ್ತದಾ, ಬಸ್ಸು ಓಡುತ್ತದಾ, ಬೆಡ್‌ಶೀಟ್ ಇದೆಯಾ, ಮೂರನ್ನೂ ಬರೆದು ಕೇಳಿ. ಉತ್ತರ ಬರೆದೇ ಕೊಡಲಿ.