ನಾಲ್ಕನೇ ಸಾಲಿನ ಕೂಲಿ ಎಷ್ಟು? ನ್ಯಾಚುರಲ್ ಸ್ಟಾಟ್ ಟ್ರಿಕ್ ತಾಣದ ವಿಮರ್ಶೆ

ಬಳ್ಳಾರಿಯಲ್ಲಿ ಮಂಜುಗಡ್ಡೆ ಕಣ್ಣಿಗೆ ಬೀಳುವುದು ಕಬ್ಬಿನ ಹಾಲಿನ ಗಾಡಿಯ ಮೇಲೆ ಮಾತ್ರ. ಆದರೂ ಐಸ್ ಹಾಕಿ ನೋಡುವ ಚಟ ಹತ್ತಿದವರಿಗೆ ಇಲ್ಲಿನ ಗಡಿಯಾರ ಒಳ್ಳೆಯ ಸಾಥ್ ಕೊಡುತ್ತದೆ. ಅಮೆರಿಕದ ಪೂರ್ವ ಭಾಗದಲ್ಲಿ ಸಂಜೆ 7ಕ್ಕೆ ಶುರುವಾಗುವ ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್) ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ 5:30ಕ್ಕೆ ಬರುತ್ತದೆ. ಅಲ್ಲಿ ಗಡಿಯಾರ ಮುಂದಿಟ್ಟ ತಿಂಗಳುಗಳಲ್ಲಿ 4:30ಕ್ಕೆ. ತೋರಣಗಲ್ಲಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಬಸ್ ಹತ್ತಿದವರಿಗೆ ಎರಡನೇ ಪೀರಿಯಡ್ ದಾರಿಯಲ್ಲೇ ಸಿಗುತ್ತದೆ, ಮೂರನೆಯದು ಒಗ್ಗಾಣಿ-ಮಿರ್ಚಿ ತಟ್ಟೆಯ ಮುಂದೆ.

ಸ್ಟಾರ್ ಆಟಗಾರನನ್ನು ಗುರುತಿಸಲು ಯಾವ ತಾಣವೂ ಬೇಡ, ಗೋಲು ನೋಡಿದರೆ ಸಾಕು. ಕಷ್ಟ ಇರುವುದು ಮೂರನೇ ಮತ್ತು ನಾಲ್ಕನೇ ಸಾಲಿನವರ ಬೆಲೆ ಕಟ್ಟುವಲ್ಲಿ. ತಂಡವೊಂದು ಪಂದ್ಯಕ್ಕೆ 18 ಆಟಗಾರರನ್ನೂ 2 ಗೋಲಿಗಳನ್ನೂ, ಅಂದರೆ ಗೋಲ್‌ಕೀಪರ್‌ಗಳನ್ನೂ, ಇಳಿಸುತ್ತದೆ. ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್. ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಸಾಲು. ಕೊನೆಯ ಸಾಲಿನವರು 60 ನಿಮಿಷದಲ್ಲಿ 8ರಿಂದ 12 ನಿಮಿಷ ಆಡುತ್ತಾರೆ, ಒಂದೊಂದು ಸರದಿ, ಅಂದರೆ ಶಿಫ್ಟ್, ಸುಮಾರು 45 ಸೆಕೆಂಡು. ಗೋಡೆಗೆ ಗುದ್ದಿ, ಚೆಂಡಿನ ಬದಲಿಗಿರುವ ಆ ರಬ್ಬರ್ ಬಿಲ್ಲೆಗೆ, ಅಂದರೆ ಪಕ್‌ಗೆ, ಮೈ ಅಡ್ಡ ಹಿಡಿದು, ಬೆವರು ಸುರಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ, ತಂಡದ ಮ್ಯಾನೇಜರ್ ಅದೇ ಚಪ್ಪಾಳೆ ಕೇಳಿ ಕೋಟಿಗಟ್ಟಲೆ ಬರೆದುಕೊಟ್ಟು ಆಮೇಲೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. ಈ ಬೆವರಿಗೆ ನಿಜವಾದ ಬೆಲೆ ಎಷ್ಟು ಎಂದು ಕಂಡುಕೊಳ್ಳಲು ಕಾಸಿಲ್ಲದೆ ಸಿಗುವ ಸಾಧನಗಳಲ್ಲಿ ನ್ಯಾಚುರಲ್ ಸ್ಟಾಟ್ ಟ್ರಿಕ್ ಎಂಬ ಹಾಕಿ ಅಂಕಿ-ಅಂಶದ ತಾಣ ಎಲ್ಲಕ್ಕಿಂತ ವಾಸಿ. ಆದರೆ ಅದು ಅರ್ಧ ಲೆಕ್ಕವನ್ನಷ್ಟೇ ಒಪ್ಪಿಸುತ್ತದೆ. ಉಳಿದರ್ಧ ಎಲ್ಲಿದೆ ಎಂಬುದಕ್ಕೆ ಆಮೇಲೆ ಬರೋಣ.

ತಾಣದ ಒಳಗೆ 2007-08ರ ಸೀಸನ್‌ನಿಂದ ಈಚಿನ ಎಲ್ಲ ಪಂದ್ಯಗಳ ಲೆಕ್ಕವಿದೆ. ಪಂದ್ಯ ನಡೆಯುತ್ತಿರುವಾಗಲೇ ಅದರ ವರದಿಯೂ ತುಂಬುತ್ತಾ ಹೋಗುತ್ತದೆ. ಮೊದಲ ಸಲ ತೆರೆದವರು ಬೆಳಗಿನ ಪಂದ್ಯದ ಆ ವರದಿಯನ್ನೇ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ, ತಪ್ಪುವುದು ಅಲ್ಲೇ. ಒಬ್ಬ 9 ನಿಮಿಷ ಆಡಿದ ಅನ್ನಿ. ಅವನು ಐಸ್ ಮೇಲಿದ್ದಾಗ ಅವನ ತಂಡ ಗೋಲಿನ ಕಡೆ 7 ಸಲ ಹೊಡೆಯಿತು, ಎದುರಾಳಿ 9 ಸಲ. ಗುರಿ ತಪ್ಪಿದ್ದು, ಅಡ್ಡ ಬಿದ್ದದ್ದು ಎಲ್ಲ ಸೇರಿಸಿದ ಈ ಎಣಿಕೆಗೆ ಕಾರ್ಸಿ ಎನ್ನುತ್ತಾರೆ. ಬಫಲೋ ತಂಡದ ಗೋಲಿ ಕೋಚ್ ಆಗಿದ್ದ ಜಿಮ್ ಕಾರ್ಸಿಯ ಹೆಸರು ಅದು. ಇಲ್ಲಿ ಅವನ ಪಾಲು 16ಕ್ಕೆ 7, ಶೇ. 44ರ ಹತ್ತಿರ. ಇನ್ನೆರಡು ಹೊಡೆತ ಬಿದ್ದಿದ್ದರೆ 18ಕ್ಕೆ 9, ಸರಿಯಾಗಿ ಶೇ. 50. ಎರಡೇ ಹೊಡೆತಕ್ಕೆ ಮನುಷ್ಯ ಕೆಟ್ಟವನಿಂದ ಸರಿಸಮಾನನಾಗುತ್ತಾನೆ ಅಂದರೆ ಆ ಅಂಕಿಯನ್ನು ನಂಬಿ ಮಾತಾಡುವಂತಿಲ್ಲ. ಪಂದ್ಯಕ್ಕೆ 8 ನಿಮಿಷದಂತೆ 25 ಪಂದ್ಯವಾದರೆ 200 ನಿಮಿಷ. ಅದಕ್ಕಿಂತ ಕಡಿಮೆ ಇದ್ದವನ ಸಾಲನ್ನು ಓದಲೇಬೇಡಿ. ಪಟ್ಟಿಯ ಮೇಲ್ಭಾಗದಲ್ಲಿ ಕನಿಷ್ಠ ನಿಮಿಷ ಹಾಕುವ ಜಾಗವಿದೆ, ಅಲ್ಲಿ 200 ಎಂದು ಬರೆದರೆ ಜಳ್ಳು ತಾನಾಗಿ ತೂರಿಹೋಗುತ್ತದೆ.

ಫಿಲ್ಟರ್ ಹಾಕುವ ಕ್ರಮ ಮುಖ್ಯ. ಪ್ಲೇಯರ್ಸ್ ಪುಟದಲ್ಲಿ ಮೊದಲು ಐದಕ್ಕೆ ಐದರ ಆಟವನ್ನು ಆರಿಸಿ. ಪವರ್‌ಪ್ಲೇ, ಅಂದರೆ ಎದುರಾಳಿಯೊಬ್ಬ ತಪ್ಪು ಮಾಡಿ ಪೆನಾಲ್ಟಿಗೆ ಹೊರಗೆ ಕೂತಾಗಿನ ಆಟ, ಸೇರಿಸಿಕೊಂಡರೆ ಸ್ಟಾರ್‌ಗಳ ಅಂಕಿ ಉಬ್ಬುತ್ತದೆ, ಆ ಹೊತ್ತಿನಲ್ಲಿ ಒಬ್ಬ ಕಡಿಮೆಯಿದ್ದು ಗೋಲು ತಡೆಯುವವನದು ಕುಸಿಯುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಂತಾಗುತ್ತದೆ. ಆಮೇಲೆ ಒಟ್ಟು ಎಣಿಕೆಯ ಬದಲು 60 ನಿಮಿಷದ ದರ ತೋರಿಸುವ ಆಯ್ಕೆ, ಅದರ ನಂತರ ತಂಡದ ಉಳಿದವರಿಗೆ ಹೋಲಿಸುವ ರಿಲೇಟಿವ್ ಆಯ್ಕೆ. ದುರ್ಬಲ ತಂಡದಲ್ಲಿ ಶೇ. 48 ಬಂದವನು ಅಲ್ಲಿನ ಮಟ್ಟಿಗೆ ಚೆನ್ನಾಗಿಯೇ ಆಡಿರಬಹುದು. ಬಲಿಷ್ಠ ತಂಡದಲ್ಲಿ ಅದೇ ಶೇ. 48 ಅಂದರೆ ಅವನು ಬಂದಾಗಲೆಲ್ಲ ಆಟ ಹಿಂದೆ ಸರಿಯುತ್ತಿದೆ ಎಂದರ್ಥ. ಕಾಲಮ್‌ಗಳಲ್ಲಿ ನಿರೀಕ್ಷಿತ ಗೋಲಿನ ಪಾಲು, ಅಂದರೆ ಎಕ್ಸ್‌ಜಿ, ಮೊದಲು ನೋಡಬೇಕಾದದ್ದು. ಯಾವ ಜಾಗದಿಂದ, ಎಂಥ ಹೊಡೆತ ಎಂಬುದನ್ನು ಹಿಡಿದು ಅದು ಗೋಲಾಗುವ ಸಾಧ್ಯತೆಯನ್ನು ಕೂಡಿಸುವ ಲೆಕ್ಕ ಇದು.

ಶಿಫ್ಟ್ ಐಸ್‌ನ ಯಾವ ಭಾಗದಲ್ಲಿ ಶುರುವಾಯಿತು ಎಂದು ಹೇಳುವ ಝೋನ್ ಸ್ಟಾರ್ಟ್ ಕಾಲಮ್ ಮಾತ್ರ ಜನರನ್ನು ಹಾದಿ ತಪ್ಪಿಸುತ್ತದೆ. ‘ಪಾಪ, ಅವನಿಗೆ ಯಾವಾಗಲೂ ತನ್ನ ಗೋಲಿನ ಮುಂದೆಯೇ ಶುರು’ ಎಂದು ಕೆಟ್ಟ ಅಂಕಿಗೆ ಸಬೂಬು ಹೇಳುವವರು ಇದನ್ನೇ ತೋರಿಸುತ್ತಾರೆ. ಆ ಶೇಕಡಾವಾರು ಫೇಸ್‌ಆಫ್‌ನಿಂದ, ಅಂದರೆ ನಿಂತ ಆಟವನ್ನು ಇಬ್ಬರ ನಡುವೆ ಪಕ್ ಬಿಟ್ಟು ಮತ್ತೆ ಶುರು ಮಾಡಿದಾಗ, ಶುರುವಾದ ಶಿಫ್ಟ್‌ಗಳದ್ದು ಮಾತ್ರ. ಅರ್ಧಕ್ಕಿಂತ ಹೆಚ್ಚು ಶಿಫ್ಟ್‌ಗಳು ಆಟ ನಡೆಯುತ್ತಿರುವಾಗಲೇ, ಬೆಂಚಿನ ಗೋಡೆ ಹಾರಿ ಶುರುವಾಗುತ್ತವೆ. ಪಕ್ಕದಲ್ಲೇ ಆನ್ ದಿ ಫ್ಲೈ ಎಂಬ ಕಾಲಮ್ ಇದೆ, ಅದನ್ನೂ ಸೇರಿಸಿ ಭಾಗಿಸಿ ನೋಡಿದರೆ ಸಬೂಬು ಬಹುಪಾಲು ಕರಗುತ್ತದೆ.

ತಾಣದ ಅಸಲಿ ಬಂಗಾರ ಇಂಡಿವಿಜುವಲ್ ಪಟ್ಟಿಯ ಬಲಗಡೆ, ಯಾರೂ ಸ್ಕ್ರೋಲ್ ಮಾಡದ ಕಡೆ ಇದೆ: ಎಳೆದ ಪೆನಾಲ್ಟಿಗಳ ಕಾಲಮ್. ಎದುರಾಳಿಯನ್ನು ಓಡಿಸಿ ಓಡಿಸಿ ದಣಿಸಿ, ಅವನು ಕೋಲು ಅಡ್ಡ ಹಾಕುವಂತೆ ಮಾಡುವುದು ನಾಲ್ಕನೇ ಸಾಲಿನವನ ನಿಜವಾದ ಕಸುಬು. ಪವರ್‌ಪ್ಲೇ ಸರಿಸುಮಾರು ಐದಕ್ಕೆ ಒಂದು ಸಲ ಗೋಲು ಕೊಡುತ್ತದೆ. ಹಾಗಾಗಿ ಎಳೆದ ಪೆನಾಲ್ಟಿಯಿಂದ ತಾನೇ ಮಾಡಿದ ಪೆನಾಲ್ಟಿ ಕಳೆದು 10 ಉಳಿದರೆ ಅದು ಸುಮಾರು 2 ಗೋಲು. ಹಾಕಿ ಲೆಕ್ಕಿಗರು ಸಾಮಾನ್ಯವಾಗಿ 6 ಗೋಲಿನ ಅಂತರಕ್ಕೆ ಒಂದು ಗೆಲುವು ಎಂದು ಹಿಡಿಯುತ್ತಾರೆ, ಅಂದರೆ ಆ ಮನುಷ್ಯ ಒಂದು ಗೋಲೂ ಹೊಡೆಯದೆ ಒಂದು ಗೆಲುವಿನ ಮೂರನೇ ಒಂದು ಪಾಲು ತಂದುಕೊಟ್ಟ. ಹಿಟ್ಸ್‌ನಲ್ಲಿ, ಅಂದರೆ ಎದುರಾಳಿಗೆ ಮೈಯಿಂದ ಗುದ್ದುವುದರಲ್ಲಿ, ಲೀಗ್‌ಗೇ ಮೊದಲಿಗನಾಗಿ, ಪೆನಾಲ್ಟಿ ಲೆಕ್ಕದಲ್ಲಿ 10 ಕಳೆದುಕೊಂಡವನು ಅಷ್ಟನ್ನೇ ಗುಂಡಿಗೆ ಹಾಕಿದ.

ಹಿಟ್ಸ್ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಅದನ್ನು ಎಣಿಸುವವರು ಆಯಾ ಕ್ರೀಡಾಂಗಣದವರು. ಒಬ್ಬರಿಗೆ ಹಿಟ್ ಅನ್ನಿಸಿದ್ದು ಇನ್ನೊಬ್ಬರಿಗೆ ಬರೀ ತಾಗಿದ್ದು. ಎನ್‌ಎಚ್‌ಎಲ್‌ನ ಸ್ವಂತ ಅಂಕಿ-ಅಂಶ ಪುಟದಲ್ಲಿ ತವರು, ಹೊರಗಿನ ಪಂದ್ಯ ಎಂದು ಬೇರೆ ಮಾಡಬಹುದು. ಹೊರಗಿನದ್ದನ್ನು ಮಾತ್ರ ನೋಡಿ. ಇನ್ನೊಂದು ತಮಾಷೆ: ಎದುರಾಳಿಗೆ ಗುದ್ದಬೇಕಾದರೆ ಪಕ್ ಅವನ ಹತ್ತಿರ ಇರಬೇಕು. ಸದಾ ಗುದ್ದುತ್ತಲೇ ಇರುವ ಸಾಲಿನ ಹತ್ತಿರ ಪಕ್ ಇರುವುದೇ ಇಲ್ಲ. ತಡೆದ ಹೊಡೆತಗಳ ಕತೆಯೂ ಇದೇ. ಆಟಗಾರ ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲಿನಿಂದ ಬಿಟ್ಟ ಗೋಲು ಕಳೆಯುವ ಪ್ಲಸ್-ಮೈನಸ್ ಇದಕ್ಕಿಂತ ಕೆಟ್ಟದ್ದು. ಪವರ್‌ಪ್ಲೇ ಗೋಲು ಅದರಲ್ಲಿ ಸೇರುವುದಿಲ್ಲ, ಆದರೆ ಗೋಲಿ ಇಲ್ಲದ ಖಾಲಿ ನೆಟ್‌ಗೆ ಹೊಡೆದದ್ದು ಸೇರುತ್ತದೆ. ಮುನ್ನಡೆ ಕಾಯಲು ಕೊನೆಯ ಎರಡು ನಿಮಿಷ ಇಳಿಯುವ ದುಡಿಮೆಗಾರನಿಗೆ ಹೀಗೆ ಪುಕ್ಕಟೆ ಪ್ಲಸ್ ಸಿಗುತ್ತಾ ಹೋಗುತ್ತದೆ.

ಇದೆಲ್ಲ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಟ್ಯಾನರ್ ಜನೋ ಎಂಬ ಫಾರ್ವರ್ಡ್ ಸಾಕು. ನ್ಯಾಶ್‌ವಿಲ್‌ನಲ್ಲಿ 2021-22ರಲ್ಲಿ 24 ಗೋಲು, 300ಕ್ಕೂ ಹೆಚ್ಚು ಹಿಟ್ಸ್. ಹೊಡೆತಗಳಲ್ಲಿ ಗೋಲಾದದ್ದು ಶೇ. 19ರ ಮೇಲೆ. ಫಾರ್ವರ್ಡ್‌ಗಳಿಗೆ ಶೇ. 10-12 ವಾಡಿಕೆ. ಆ ಒಂದು ಕಾಲಮ್ ನೋಡಿದವರು ‘ಇದು ನಿಲ್ಲುವ ಬೆಳೆಯಲ್ಲ’ ಅನ್ನುತ್ತಿದ್ದರು. ಮುಂದಿನ ಸೀಸನ್‌ನಲ್ಲಿ 56 ಪಂದ್ಯಕ್ಕೆ 5 ಗೋಲು. ಅಷ್ಟಾದ ಮೇಲೂ 2023ರ ಫೆಬ್ರವರಿಯಲ್ಲಿ ಟ್ಯಾಂಪಾ ಬೇ ಅವನಿಗಾಗಿ ಒಬ್ಬ ಡಿಫೆನ್ಸ್ ಆಟಗಾರನನ್ನೂ, ಮೊದಲ ಸುತ್ತಿನಿಂದ ಐದನೇ ಸುತ್ತಿನವರೆಗೆ ಒಂದೊಂದರಂತೆ ಐದು ಡ್ರಾಫ್ಟ್ ಆಯ್ಕೆಗಳನ್ನೂ (ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹಕ್ಕು) ಕೊಟ್ಟಿತು. 2024ರಲ್ಲಿ ಲಾಸ್ ಏಂಜಲೀಸ್‌ಗೆ ಮಾರುವಾಗ ವಾಪಸ್ ಬಂದದ್ದು ಎರಡನೇ ಸುತ್ತಿನದೊಂದು, ನಾಲ್ಕನೇ ಸುತ್ತಿನದೊಂದು.

ಅದೇ ಟ್ಯಾಂಪಾ ಹಿಂದೊಮ್ಮೆ ಇದೇ ವ್ಯಾಪಾರದಲ್ಲಿ ಗೆದ್ದಿತ್ತು. 2020ರ ಫೆಬ್ರವರಿಯಲ್ಲಿ ಬ್ಲೇಕ್ ಕೋಲ್ಮನ್ ಮತ್ತು ಬಾರ್ಕ್ಲೇ ಗುಡ್ರೋ ಇಬ್ಬರಿಗೂ ಒಂದೊಂದು ಮೊದಲ ಸುತ್ತಿನ ಆಯ್ಕೆ ಕೊಟ್ಟು ತಂದು, ಯಾನಿ ಗೌರ್ಡ್ ಜೊತೆ ಮೂರನೇ ಸಾಲು ಕಟ್ಟಿತು. 2020, 2021 ಎರಡೂ ವರ್ಷ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಬಂತು. ಆಮೇಲೆ ಸಾಲು ಒಡೆಯಿತು. ಕೋಲ್ಮನ್‌ಗೆ ಕ್ಯಾಲ್ಗರಿ ಆರು ವರ್ಷಕ್ಕೆ, ವರ್ಷಕ್ಕೆ 49 ಲಕ್ಷ ಡಾಲರ್ ಕೊಟ್ಟಿತು; ಗುಡ್ರೋಗೆ ನ್ಯೂಯಾರ್ಕ್ ರೇಂಜರ್ಸ್ ಅಷ್ಟೇ ವರ್ಷಕ್ಕೆ 36.4 ಲಕ್ಷದಂತೆ. ಇಬ್ಬರಿಗೂ ಅದೇ ಬೆವರು, ಅದೇ ಕಪ್. ಕೋಲ್ಮನ್ 2023-24ರಲ್ಲಿ 30 ಗೋಲು ಹೊಡೆದ. ಗುಡ್ರೋ ಅದೇ ವರ್ಷ 80 ಪಂದ್ಯಕ್ಕೆ 4 ಗೋಲು, 8 ಅಸಿಸ್ಟ್, ಮತ್ತು ಸೀಸನ್ ಮುಗಿದ ಮೇಲೆ ವೇವರ್ಸ್‌ಗೆ, ಅಂದರೆ ಬೇಕಾದ ತಂಡ ಎತ್ತಿಕೊಳ್ಳಲಿ ಎಂದು ಬಿಡುವ ಪಟ್ಟಿಗೆ, ಹಾಕಿದಾಗ ಸ್ಯಾನ್ ಹೊಸೆ ಎತ್ತಿಕೊಂಡಿತು. ವ್ಯತ್ಯಾಸ ಹಳೆಯ ಪಟ್ಟಿಯಲ್ಲೇ ಇತ್ತು: ಟ್ಯಾಂಪಾಕ್ಕೆ ಬರುವ ಮೊದಲೇ ಕೋಲ್ಮನ್ ನ್ಯೂಜೆರ್ಸಿಯಲ್ಲಿ ಒಂದು ಸೀಸನ್‌ಗೆ 22, ಮುಂದಿನ ಸೀಸನ್‌ನಲ್ಲಿ 57 ಪಂದ್ಯಕ್ಕೆ 21 ಗೋಲು ಹೊಡೆದಿದ್ದ. ಇಂಥ ಪ್ರಶ್ನೆಗೆ ತಾಣದ ಲೈನ್ ಟೂಲ್ ಹೇಳಿ ಮಾಡಿಸಿದ್ದು. ಇವನು ಅವನ ಜೊತೆ ಇದ್ದಾಗ ಎಷ್ಟು, ಬಿಟ್ಟಾಗ ಎಷ್ಟು ಎಂದು ಬೇರೆ ಮಾಡಿ ಕೊಡುತ್ತದೆ. ಸಾಲಿನ ಕೀರ್ತಿಯನ್ನು ಮೂರು ಭಾಗ ಮಾಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೂ ಗುಡ್ರೋನನ್ನು ಹೀಗಳೆಯುವ ಮೊದಲು ಒಂದು ಮಾತು: ಅದೇ 2024ರ ಪ್ಲೇಆಫ್‌ನ 16 ಪಂದ್ಯದಲ್ಲಿ ಅವನು 6 ಗೋಲು ಹೊಡೆದ. 80 ಪಂದ್ಯಕ್ಕೆ 4, 16 ಪಂದ್ಯಕ್ಕೆ 6. ಇದನ್ನು ಸಣ್ಣ ಎಣಿಕೆಯ ಆಟ ಎಂದು ಪಕ್ಕಕ್ಕಿಡುವುದೇ ಸರಿ ಅನ್ನಿಸುತ್ತದೆ, ಒಪ್ಪದವರು ಒಪ್ಪದಿರಲಿ.

ಬೆಲೆಯ ಇನ್ನೊಂದು ತುದಿ ಸಂಬಳ, ಅದು ಈ ತಾಣದಲ್ಲಿಲ್ಲ. ಮೊದಲು ಎಲ್ಲರೂ ಕ್ಯಾಪ್‌ಫ್ರೆಂಡ್ಲಿಗೆ ಓಡುತ್ತಿದ್ದರು. ವಾಷಿಂಗ್ಟನ್ ತಂಡ ಅದನ್ನು ಕೊಂಡುಕೊಂಡು 2024ರ ಜುಲೈನಲ್ಲಿ ಬಾಗಿಲು ಹಾಕಿತು. ಈಗ ಪಕ್‌ಪೀಡಿಯಾ ಇದೆ, ಕೆಲಸಕ್ಕೆ ಸಾಕು. 2025-26ಕ್ಕೆ ತಂಡದ ಸಂಬಳದ ಮಿತಿ 9.55 ಕೋಟಿ ಡಾಲರ್, ಆಟಗಾರನ ಕನಿಷ್ಠ ಸಂಬಳ 7.75 ಲಕ್ಷ. ಅಂದರೆ ಮಿತಿಯ ಶೇ. 1ಕ್ಕಿಂತ ಕಡಿಮೆ. ನಾಲ್ಕನೇ ಸಾಲಿನವನನ್ನು ತೂಗುವ ಕಲ್ಲು ಇದೇ: ಇವನ ಜಾಗಕ್ಕೆ ಕನಿಷ್ಠ ಸಂಬಳಕ್ಕೆ ಬರುವವನಿಗಿಂತ ಇವನು ಎಷ್ಟು ಗೋಲು ಹೆಚ್ಚು ತರುತ್ತಾನೆ? ನಮ್ಮೂರಿನ ಜೀನ್ಸ್ ಘಟಕಕ್ಕೆ ಹೋಗಿ ನೋಡಿ. ಜೇಬಿನ ಮೂಲೆಗೆ ಒತ್ತಾಗಿ ಬೀಳುವ ಬಾರ್‌ಟ್ಯಾಕ್ ಹೊಲಿಗೆ ಇಲ್ಲದಿದ್ದರೆ ಜೇಬು ಕಿತ್ತು ಬರುತ್ತದೆ. ಅದು ಬೇಕೇ ಬೇಕು. ಹಾಗಂತ ಕಟಿಂಗ್ ಮಾಸ್ಟರ್‌ಗೆ ಕೊಡುವ ದುಡ್ಡನ್ನು ಅದಕ್ಕೆ ಯಾವ ಮಾಲೀಕನೂ ಕೊಡುವುದಿಲ್ಲ. ಕೊಟ್ಟರೆ ಹಿಂದಕ್ಕೆ ಪಡೆಯುವುದೂ ಸುಲಭವಲ್ಲ: ಆಟಗಾರನನ್ನು ಕೆಳಗಿನ ಲೀಗ್‌ಗೆ ಕಳಿಸಿದರೂ 2025-26ರ ಲೆಕ್ಕದಲ್ಲಿ ಮಿತಿಯಿಂದ ಮಾಫಿ ಆಗುವುದು 11.5 ಲಕ್ಷ ಮಾತ್ರ. 36.4 ಲಕ್ಷದವನನ್ನು ಕಳಿಸಿದರೆ ಸುಮಾರು 25 ಲಕ್ಷ ಲೆಕ್ಕದಲ್ಲೇ ಕೂತಿರುತ್ತದೆ.

ಎನ್‌ಎಚ್‌ಎಲ್ 2023ರಲ್ಲಿ ತಂದ ಎಡ್ಜ್ ಪುಟವನ್ನೂ ಜೊತೆಗೆ ನೋಡಬಹುದು. ಓಟದ ವೇಗ, ಕ್ರಮಿಸಿದ ದೂರ ಎಲ್ಲ ಇದೆ. ಆದರೆ ಲೀಗ್‌ನ ಮೇಲಿನ ಅರ್ಧದಲ್ಲಿ ಇಲ್ಲದವನಿಗೆ ‘50ಕ್ಕಿಂತ ಕೆಳಗೆ’ ಎಂದು ಬರೆದು ಸುಮ್ಮನಾಗುತ್ತದೆ. ನಮಗೆ ಬೇಕಾದವರು ಬಹಳಷ್ಟು ಜನ ಇರುವುದೇ ಆ ಕೆಳಗೆ.

ಇನ್ನು ಆ ಉಳಿದರ್ಧ. ನಾಲ್ಕನೇ ಸಾಲು ಇಳಿದು, ಪಕ್ಕನ್ನು ಎದುರಾಳಿಯ ಮೂಲೆಗೆ ತಳ್ಳಿ, ಅಲ್ಲೇ ಬೋರ್ಡ್‌ಗೆ ಒತ್ತಿಹಿಡಿದು 35 ಸೆಕೆಂಡು ಕಳೆಯಿತು. ಹೊಡೆತ ಒಂದೂ ಇಲ್ಲ. ಎದುರಾಳಿ ಉಸಿರು ಬಿಗಿಹಿಡಿದು ಪಕ್ಕನ್ನು ಆ ತುದಿಗೆ ಬಿಸಾಡಿದರು, ಲೈನ್ಸ್‌ಮನ್ ಐಸಿಂಗ್ ಕರೆದ, ಹೀಗೆ ಬಿಸಾಡುವ ತಪ್ಪಿಗೆ ಇರುವ ಹೆಸರು ಅದು. ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಈಗ ಸುಸ್ತಾದ ಆ ಐವರ ಮೇಲೆ ಕೋಚ್ ತನ್ನ ಮೊದಲ ಸಾಲನ್ನು ಇಳಿಸುತ್ತಾನೆ, ಫೇಸ್‌ಆಫ್ ಅವರ ಗೋಲಿನ ಮುಂದೆಯೇ. ಗೋಲಾದರೆ ಪಟ್ಟಿಯಲ್ಲಿ ಹೆಸರು ಮೊದಲ ಸಾಲಿನದು. ದುಡಿದವರ ಖಾತೆಯಲ್ಲಿ ಸೊನ್ನೆಗೆ ಸೊನ್ನೆ. ನ್ಯಾಚುರಲ್ ಸ್ಟಾಟ್ ಟ್ರಿಕ್ ಈ ಹಸ್ತಾಂತರವನ್ನು ಎಣಿಸುವುದಿಲ್ಲ. ಪಂದ್ಯ ವರದಿಯ ಶಿಫ್ಟ್ ಚಾರ್ಟ್ ಹಿಡಿದು, ಒಬ್ಬರು ಇಳಿದದ್ದು ಇನ್ನೊಬ್ಬರು ಹತ್ತಿದ್ದು ಹೊಂದಿಸಿ ನಾವೇ ತೆಗೆಯಬೇಕು.

ಅದಕ್ಕಿಂತ ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಯೇ ಮೇಲು. ಮೂರು ಗೆರೆ ಎಳೆಯಿರಿ: ಶಿಫ್ಟ್ ಮುಗಿದಾಗ ಪಕ್ ಎದುರಾಳಿಯ ಕಡೆ ಇತ್ತೇ, ನಡುವೆಯೇ, ನಮ್ಮ ಕಡೆಯೇ. ಒಂದು ಪಂದ್ಯಕ್ಕೆ ಆ ಸಾಲಿನ ಶಿಫ್ಟ್ 12ರಿಂದ 15 ಬರುತ್ತವೆ, ಹತ್ತು ಪಂದ್ಯಕ್ಕೆ 120ರ ಮೇಲೆ. ಮಾರನೇ ದಿನ ತಾಣದ ಎಕ್ಸ್‌ಜಿ ಕಾಲಮ್ ಪಕ್ಕದಲ್ಲಿಟ್ಟುಕೊಳ್ಳುವಾಗ ಫೋನನ್ನು ಅಡ್ಡ ಹಿಡಿಯಿರಿ. ಪಟ್ಟಿ ಅಗಲವಾಗಿದೆ, ನೆಟ್ಟಗೆ ಹಿಡಿದರೆ ಎಳೆದ ಪೆನಾಲ್ಟಿಯ ಕಾಲಮ್ ತೆರೆಯ ಆಚೆಗೇ ಉಳಿದುಬಿಡುತ್ತದೆ.