ಎರಡು ಟೆಲಿಸ್ಕೋಪ್, ಒಂದು ಗಿಡ್ಡ ಕಂಬ: ವೀಲ್‌ಚೇರ್‌ನಲ್ಲಿ ಕೂತು ಮೂರು ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ. ಇದು ಎರಡು ಟೆಲಿಸ್ಕೋಪ್ (ಒಂದು ಮ್ಯಾಕ್ಸುಟೋವ್, ಇನ್ನೊಂದು ಸೀಸ್ಟಾರ್) ಮತ್ತು ಒಂದು ಕಬ್ಬಿಣದ ಕಂಬದ ವಿಮರ್ಶೆ. ಮೂರರಲ್ಲಿ ಒಂದಕ್ಕೆ ಮಾತ್ರ ಐದಕ್ಕೆ ಐದು ಅಂಕ ಕೊಡು ಅಂದರೆ ನಾನು ಕಂಬಕ್ಕೆ ಕೊಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ಹಿರಿಯೂರಿನ ಹತ್ತಿರ, ಊರ ಅಂಚಿನಲ್ಲಿ. 2016ರಲ್ಲಿ ಆದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು, ಆಗಿನಿಂದ ವೀಲ್‌ಚೇರ್. ಕೈಗಳಿಗೆ ಪೂರ್ತಿ ಬಲ ಇದೆ, ಹೊಟ್ಟೆಯಿಂದ ಕೆಳಗೆ ಹಿಡಿತ ಇಲ್ಲ. ಈ ವಿವರ ಯಾಕೆ ಬೇಕು ಅಂದರೆ, ನನಗೆ ಹೊಂದಿದ್ದು ಕೈಬಲ ಕಡಿಮೆ ಇರುವವರಿಗೆ ಹೊಂದಲಿಕ್ಕಿಲ್ಲ. ಓದುವಾಗ ಅದು ನೆನಪಿರಲಿ.

2021ರಲ್ಲಿ ಎಲ್ಲರೂ ಹೇಳಿದ್ದನ್ನೇ ನಾನೂ ಮಾಡಿದೆ. ಹೊಸಬರು ಆರಿಂಚಿನ ಡಾಬ್ಸೋನಿಯನ್ (ಉದ್ದ ಕೊಳವೆಯ, ಕನ್ನಡಿಯಿಂದ ಬೆಳಕು ಹಿಡಿಯುವ ಟೆಲಿಸ್ಕೋಪ್) ತಗೊಳ್ಳಿ, ಕೊಟ್ಟ ದುಡ್ಡಿಗೆ ಅದಕ್ಕಿಂತ ದೊಡ್ಡ ಕನ್ನಡಿ ಸಿಗಲ್ಲ ಅಂತ ಎಲ್ಲ ಕಡೆ ಬರೆದಿರುತ್ತದೆ. ಮಾತು ನಿಜ. ತರಿಸಿದೆ. ಅಂಗಡಿಯವರನ್ನು ಫೋನಿನಲ್ಲಿ "ವೀಲ್‌ಚೇರ್‌ನಿಂದ ನೋಡಬಹುದಾ?" ಅಂತ ಕೇಳಿದ್ದೆ. "ಆರಾಮಾಗಿ ನೋಡಬಹುದು ಮೇಡಂ, ಎತ್ತರ ಸರಿಯಾಗಿದೆ" ಅಂದರು. ಎತ್ತರ ಸರಿಯಾಗಿಯೇ ಇತ್ತು. ದೂರ ಸರಿ ಇರಲಿಲ್ಲ.

ಡಾಬ್ಸೋನಿಯನ್ ಕೂರುವುದು ನೆಲದ ಮೇಲಿನ ಒಂದು ದುಂಡನೆ ಮರದ ಪೆಟ್ಟಿಗೆಯಲ್ಲಿ. ನನ್ನ ಪಾದ ಇಡುವ ಫುಟ್‌ರೆಸ್ಟ್ ಆ ಪೆಟ್ಟಿಗೆಗೆ ಢಿಕ್ಕಿ ಹೊಡೆದು ನಿಲ್ಲುತ್ತಿತ್ತು. ಕಣ್ಣಿಡುವ ಐಪೀಸ್ ಅಲ್ಲಿಂದ ಮುಂದೆ ಇನ್ನೂ ಒಂದೂವರೆ ಅಡಿ. ಬಾಗಬೇಕು. ಹೊಟ್ಟೆಯ ಹಿಡಿತ ಇಲ್ಲದವರು ಮುಂದಕ್ಕೆ ಬಾಗಿದರೆ ವಾಪಸ್ ಬರುವುದು ಕೈಯ ಮೇಲೆ. ಕೈ ಊರುವುದು ಎಲ್ಲಿ? ಟೆಲಿಸ್ಕೋಪಿನ ಮೇಲೆ! ಊರಿದ ಕೂಡಲೇ ಗುರು ಗ್ರಹ ಮಾಯ. ಬದಿಗೆ ತಿರುಗಿ ನಿಂತೂ ನೋಡಿದೆ. ಆಗ ಚಕ್ರ ಅಡ್ಡ ಬಂತು. ಇದರ ಮೇಲೆ ಕೊಳವೆ ತಿರುಗಿದ ಹಾಗೆಲ್ಲ ಐಪೀಸೂ ಅರ್ಧ ಅಂಗಳ ಸುತ್ತುತ್ತದೆ, ಅದರ ಹಿಂದೆ ನಾನು ಮಣ್ಣಿನಲ್ಲಿ ಚಕ್ರ ತಳ್ಳಬೇಕು. ಒಂದು ತಿಂಗಳಲ್ಲಿ ಅದು ನಮ್ಮ ಶಾಲೆಗೆ ಹೋಯಿತು. ಮಕ್ಕಳು ಇವತ್ತಿಗೂ ಖುಷಿಯಾಗಿ ಬಳಸುತ್ತಿದ್ದಾರೆ. ಅದು ಒಳ್ಳೆಯ ಟೆಲಿಸ್ಕೋಪೇ, ಆದರೆ ನಿಂತುಕೊಳ್ಳುವವರದ್ದು.

ಕೂತಲ್ಲೇ ನೋಡಬೇಕು ಅನ್ನುವ ಆಸೆ ಹೊಸದೇನಲ್ಲ. ಹಬೆ ಸುತ್ತಿಗೆ ಮಾಡಿದ ಜೇಮ್ಸ್ ನಾಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಎಂಜಿನಿಯರ್ 1840ರ ದಶಕದಲ್ಲೇ 20 ಇಂಚಿನ ಟೆಲಿಸ್ಕೋಪ್ ಕಟ್ಟಿಕೊಂಡಿದ್ದರು. ಅದರಲ್ಲಿ ಬೆಳಕು ಹೊರಬರುವುದು ಕೊಳವೆ ಮೇಲೆ ಕೆಳಗೆ ತಿರುಗುವ ಅಚ್ಚಿನ ಮೂಲಕ. ಕೊಳವೆ ಎತ್ತ ಏರಿದರೂ ಕಣ್ಣಿಡುವ ಜಾಗದ ಎತ್ತರ ಬದಲಾಗಲ್ಲ. ಆ ಮನುಷ್ಯನಿಗೆ ಕಾಲು ಚೆನ್ನಾಗಿದ್ದವು, ಸುಮ್ನೆ ಸುಖವಾಗಿ ಕೂತು ನೋಡಬೇಕಿತ್ತು ಅಷ್ಟೇ. ಇದನ್ನು ಓದಿದ ಮೇಲೆ ನನ್ನ ಲೆಕ್ಕವೇ ತಿರುಗಿತು. ಕನ್ನಡಿ ಎಷ್ಟು ದೊಡ್ಡದು ಅಂತ ಕೇಳುವುದು ಬಿಟ್ಟೆ. ಕಣ್ಣು ಎಲ್ಲಿ ಬರುತ್ತದೆ ಅಂತ ಕೇಳತೊಡಗಿದೆ.

ತಮ್ಮನ ಕೈಯಲ್ಲಿ ಟೇಪು ಕೊಟ್ಟು ಅಳೆಸಿದೆ. ವೀಲ್‌ಚೇರ್‌ನಲ್ಲಿ ನೆಟ್ಟಗೆ ಕೂತಾಗ ನನ್ನ ಕಣ್ಣು ನೆಲದಿಂದ 114 ಸೆಂ.ಮೀ. ಮುಂದಿನ ಎಲ್ಲ ಖರ್ಚೂ ಈ ಒಂದು ಸಂಖ್ಯೆಯ ಸುತ್ತ ನಡೆದಿದೆ.

2022ರ ನವೆಂಬರ್‌ನಲ್ಲಿ ತರಿಸಿದ್ದು ಸ್ಕೈವಾಚರ್ ಕಂಪನಿಯ 127 ಎಂಎಂ ಮ್ಯಾಕ್ಸುಟೋವ್ (ಮುಂದೆ ಬರೀ ಮ್ಯಾಕ್ ಅನ್ನುತ್ತೇನೆ), ಜೊತೆಗೆ ಅದನ್ನು ಹಿಡಿದುಕೊಂಡು ಫೋನಿನಿಂದ ತಿರುಗಿಸುವ ಎಝೆಡ್-ಜಿಟಿಐ ಮೌಂಟ್. ಮ್ಯಾಕ್ ನೋಡಲು ದೊಡ್ಡ ಟಿಫನ್ ಕ್ಯಾರಿಯರ್ ಇದ್ದ ಹಾಗೆ. 1500 ಎಂಎಂ ಫೋಕಲ್ ಲೆಂತ್ (ಬೆಳಕು ಒಂದೆಡೆ ಸೇರಲು ಬೇಕಾದ ದೂರ, ಇದು ಹೆಚ್ಚಿದಷ್ಟೂ ಚಿತ್ರ ದೊಡ್ಡದು) ಆ ಗಿಡ್ಡ ಡಬ್ಬಿಯೊಳಗೆ ಮಡಚಿಕೊಂಡಿದೆ. ತೂಕ ಮೂರೂವರೆ ಕಿಲೋ ಒಳಗೆ, ಮಡಿಲಲ್ಲಿಟ್ಟುಕೊಂಡು ಹೋಗಬಹುದು. ಕಣ್ಣಿಡುವುದು ಹಿಂಬದಿಯಿಂದ, 90 ಡಿಗ್ರಿ ತಿರುಗಿಸುವ ಕನ್ನಡಿಯ ಮೂಲಕ. ಕೊಳವೆ ಗಿಡ್ಡ ಇರುವುದರಿಂದ ದಿಗಂತದಿಂದ ನೆತ್ತಿಯವರೆಗೆ ತಿರುಗಿಸಿದರೂ ಐಪೀಸ್ ಇಳಿಯುವುದು ಒಂದು ಅಡಿ, ಒಂದು ಅಡಿಗಿಂತ ಸ್ವಲ್ಪ ಜಾಸ್ತಿ. ಅಷ್ಟನ್ನು ಕತ್ತು ಸಹಿಸುತ್ತದೆ.

ಆದರೆ ಟ್ರೈಪಾಡ್ ಮೇಲೆ ಇಟ್ಟರೆ ಮತ್ತೆ ಅದೇ ಕಥೆ. ಮೂರು ಕಾಲು ಅಗಲಿಸಿ ನಿಂತಿರುತ್ತದೆ, ನನ್ನ ಫುಟ್‌ರೆಸ್ಟ್ ಅದರೊಳಗೆ ನುಗ್ಗಬೇಕು. ಎರಡನೇ ದಿನವೇ ಒಂದು ಕಾಲಿಗೆ ತಗುಲಿಸಿ ಇಡೀ ಸೆಟ್ಟು ವಾಲಿತು. ತಮ್ಮ ಹಿಡಿದುಕೊಂಡ. ಅವನು ಅಲ್ಲಿ ಇಲ್ಲದಿದ್ದರೆ ಈ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು.

ಹಾಗಾಗಿ ಕಂಬ. ವೆಲ್ಡಿಂಗ್ ಶಾಪಿನವರಿಗೆ ನಾಲ್ಕಿಂಚಿನ ಜಿಐ ಪೈಪು, ನೆಲದ ಮೇಲೆ ಮೂರೂವರೆ ಅಡಿ ಇರಬೇಕು, ತುದಿಗೆ ಪ್ಲೇಟು ಅಂತ ಹೇಳಿದೆ. "ಬಾವುಟದ ಕಂಬನಾ ಮೇಡಂ? ಇಷ್ಟು ಗಿಡ್ಡ ಯಾಕೆ?" ಅಂದರು. ಟೆಲಿಸ್ಕೋಪ್ ಇಡಲು ಅಂದ ಮೇಲೆ ಅವರಿಗೆ ನನಗಿಂತ ಹುರುಪು ಬಂತು. ಮೌಂಟಿನ ಕೆಳಗಿನ ತೂತಿಗೆ ಯಾವ ಬೋಲ್ಟ್ ಅಂತ ತಲೆ ಕೆಡಿಸಿಕೊಂಡಿದ್ದೆ. ಈಗ ಎಲ್ಲ ಕಡೆ ಸಿಗುವ ಎಂ10 (10 ಎಂಎಂ) ಬೋಲ್ಟ್ ಅದಕ್ಕೆ ಕೂರುವುದಿಲ್ಲ, ಕೂದಲೆಳೆಯಷ್ಟು ದಪ್ಪ ಜಾಸ್ತಿ. ಅವರು ಮೌಂಟನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಹಳೇ ತಗಡಿನ ಡಬ್ಬಿ ಕೆದಕಿ, "ಇದು ಮೂರು ಸೂತು" ಅಂತ ಒಂದು ತುಕ್ಕು ಹಿಡಿದ ಬೋಲ್ಟ್ ತೆಗೆದರು. ಸೀಮೆಎಣ್ಣೆಯಲ್ಲಿ ಒರೆಸಿ ತಿರುಗಿಸಿದರೆ ಬೆರಳಲ್ಲೇ ಒಳಗೆ ಹೋಯಿತು. ಮೂರು ಸೂತು ಅಂದರೆ ಇಂಚಿನ ಎಂಟರಲ್ಲಿ ಮೂರು ಭಾಗ. ಕ್ಯಾಮರಾ, ಟೆಲಿಸ್ಕೋಪ್ ಸ್ಟ್ಯಾಂಡುಗಳ ದಪ್ಪ ಬೋಲ್ಟ್ ಇವತ್ತಿಗೂ ಆ ಹಳೇ ಅಳತೆಯದ್ದೇ.

ಮೊದಲು ಪೈಪಿನೊಳಗೆ ಪೈಪು ಹಾಕಿಸಿ, ಎತ್ತರ ಬದಲಿಸುವ ಹಾಗೆ ಮಾಡಿಸಿದ್ದೆ. ದಡ್ಡತನ. ಒಂದು ಬೋಲ್ಟಿನ ಮೇಲೆ ನಿಂತ ಪೈಪು ನಡುಗುತ್ತದೆ, 60 ಪಟ್ಟು ದೊಡ್ಡದಾಗಿ ಕಾಣುವಾಗ ಆ ನಡುಕವೂ 60 ಪಟ್ಟು. ಫೋಕಸ್ ಮುಟ್ಟಿದರೆ ಚಂದ್ರ ಹತ್ತು ಸೆಕೆಂಡು ಕುಣಿಯುತ್ತಿದ್ದ. ಕೊನೆಗೆ ಒಂದೇ ಎತ್ತರಕ್ಕೆ ವೆಲ್ಡ್ ಮಾಡಿಸಿ, ಒಳಗೆ ಒಣ ಮರಳು ತುಂಬಿಸಿದೆ. ಈಗ ಎರಡು ಮೂರು ಸೆಕೆಂಡಿಗೆ ನಿಲ್ಲುತ್ತದೆ. ನಮ್ಮ ಕಡೆಯ ಗಾಳಿಗೆ ಇದು ಬೇಕೇ ಬೇಕು. ಗುಡ್ಡದ ಮೇಲೆ ಸಾಲಾಗಿ ಗಾಳಿಯಿಂದ ಕರೆಂಟ್ ತೆಗೆಯುವ ಫ್ಯಾನು ನೆಟ್ಟಿದ್ದಾರೆ ಅಂದರೆ ಗಾಳಿ ಹೇಗಿರಬಹುದು ನೋಡಿ. ರಾತ್ರಿ ಅವುಗಳ ಕೆಂಪು ದೀಪ ದಿಗಂತದಲ್ಲಿ ಮಿಣಮಿಣ ಅನ್ನುತ್ತಲೇ ಇರುತ್ತವೆ.

ಕಂಬದ ಸುತ್ತ ಹತ್ತು ಅಡಿ ಅಗಲದ ದುಂಡನೆ ಕಾಂಕ್ರೀಟ್, ಅಂಗಳದ ಮಟ್ಟಕ್ಕೇ. ಖರ್ಚಿನಲ್ಲಿ ದೊಡ್ಡ ಪಾಲು ಇದೇ. ಕಂಬ, ಕಾಂಕ್ರೀಟ್, ಕೂಲಿ ಎಲ್ಲ ಸೇರಿ 18 ಸಾವಿರ ಆಯಿತು. ಮೇಸ್ತ್ರಿಗೆ ಒಂದು ಮಾತು ಮಾತ್ರ ಮೂರು ಸಲ ಹೇಳಿದೆ: ಕಂಬದ ಬುಡಕ್ಕೂ ಈ ನೆಲಕ್ಕೂ ಒಂದಿಂಚು ಸಂದು ಬಿಡಿ. ದೊಡ್ಡ ವೀಕ್ಷಣಾಲಯಗಳಲ್ಲೂ ಟೆಲಿಸ್ಕೋಪಿನ ಕಂಬವನ್ನು ಕಟ್ಟಡದ ನೆಲಕ್ಕೆ ತಾಗಿಸುವುದಿಲ್ಲ. ಸಂದು ಇಲ್ಲದಿದ್ದರೆ ನಾನು ಚಕ್ರ ಒಂದು ಗೇಣು ಸರಿಸಿದರೂ ಆಕಾಶ ಅಲ್ಲಾಡುತ್ತದೆ.

ಈಗ ಯಾವ ದಿಕ್ಕಿಗೆ ತಿರುಗಿಸಿದರೂ ನಾನು ಕಂಬದ ಸುತ್ತ ಹೋಗಿ, ಮೊಣಕಾಲಿನ ಪಕ್ಕಕ್ಕೆ ಕಂಬ ಬರುವ ಹಾಗೆ ನಿಲ್ಲುತ್ತೇನೆ. ಆ ಕಡೆಯ ಆರ್ಮ್‌ರೆಸ್ಟ್ ಕಳಚಿಡುತ್ತೇನೆ. ಬ್ರೇಕ್ ಹಾಕಿ, ಚಕ್ರಕ್ಕೆ ಕಟ್ಟಿಗೆ ತುಂಡನ್ನೂ ಕೊಡುತ್ತೇನೆ. ಬ್ರೇಕ್ ಒಂದನ್ನೇ ನಂಬಬೇಡಿ. ಅವ್ವ ಜಗಲಿಯಿಂದ, "ನವಗ್ರಹ ಪ್ರದಕ್ಷಿಣೆ ಆಯ್ತೇನವ್ವಾ?" ಅಂತ ಕೂಗುತ್ತಾಳೆ.

ನಮ್ಮ ಅಕ್ಷಾಂಶದ ವಿಷಯ ಇಲ್ಲಿ ಹೇಳಲೇಬೇಕು, ಯಾಕಂದರೆ ಇಂಗ್ಲಿಷ್ ಪುಸ್ತಕಗಳು ಇದನ್ನು ಹೇಳುವುದಿಲ್ಲ. ಅವು ಯುರೋಪು, ಅಮೆರಿಕದಲ್ಲಿ ಕೂತು ಬರೆದವು. ಅಲ್ಲಿ ಗ್ರಹಗಳು ನೆತ್ತಿಗೆ ಬರುವುದಿಲ್ಲ. ನಮ್ಮಲ್ಲಿ ಧ್ರುವ ನಕ್ಷತ್ರ ಬರೀ 14 ಡಿಗ್ರಿ ಎತ್ತರದಲ್ಲಿದ್ದರೆ, ಗ್ರಹಗಳು ನಡುನೆತ್ತಿಯ ಆಸುಪಾಸಿನಲ್ಲೇ ದಾಟುತ್ತವೆ. 2024ರ ಡಿಸೆಂಬರ್‌ನಲ್ಲಿ ಗುರು ಗ್ರಹ ರೋಹಿಣಿಯ ಹತ್ತಿರ ಇತ್ತು. ಮಧ್ಯರಾತ್ರಿ ಹೊತ್ತಿಗೆ ನೆತ್ತಿಯಿಂದ ಎಂಟು ಡಿಗ್ರಿಯಷ್ಟೇ ದೂರ. ಇದಕ್ಕೇ ನಾನು ಕಂಬದ ಎತ್ತರವನ್ನು, ಟೆಲಿಸ್ಕೋಪ್ ನೆತ್ತಿಗೆ ತಿರುಗಿದಾಗ ಐಪೀಸ್ ನನ್ನ ಕಣ್ಣಿಗೆ ಬರುವ ಹಾಗೆ ಹೊಂದಿಸಿದ್ದು. ಗುರುವಿನ ಪಟ್ಟೆ, ನಾಲ್ಕು ಉಪಗ್ರಹ, ಅವುಗಳಲ್ಲಿ ಒಂದರ ನೆರಳು ಚುಕ್ಕೆಯ ಹಾಗೆ ಗ್ರಹದ ಮೇಲೆ ಹಾದುಹೋಗಿದ್ದು, ಎಲ್ಲವನ್ನೂ ಬೆನ್ನು ಕುರ್ಚಿಗೆ ಆನಿಸಿಕೊಂಡೇ ನೋಡಿದೆ.

ಇದರ ಬೆಲೆ ತೆತ್ತಿದ್ದು ದಕ್ಷಿಣದ ಆಕಾಶದಲ್ಲಿ. 30 ಡಿಗ್ರಿಗಿಂತ ಕೆಳಗಿನದು ನೋಡುವಾಗ ಐಪೀಸ್ ನನ್ನ ಹಣೆಗಿಂತ ಮೇಲೆ ಹೋಗುತ್ತದೆ. ತಿರುಗು ಕನ್ನಡಿಯನ್ನು ಪಕ್ಕಕ್ಕೆ ಮಲಗಿಸಿದರೆ ಸ್ವಲ್ಪ ಇಳಿಯುತ್ತದೆ, ಸಾಕಾಗಲ್ಲ. ಒಮೆಗಾ ಸೆಂಟಾರಿ ಅನ್ನುವ ದೊಡ್ಡ ನಕ್ಷತ್ರಗುಚ್ಛ ನಮ್ಮಲ್ಲಿ ಏರುವುದೇ 28 ಡಿಗ್ರಿ. ಮ್ಯಾಕ್‌ನಲ್ಲಿ ಅದನ್ನು ನಾನು ಇನ್ನೂ ಸರಿಯಾಗಿ ನೋಡಿಲ್ಲ.

ಮ್ಯಾಕ್‌ನ ಬಗ್ಗೆ ಎರಡು ತಕರಾರು. ಹೊರಗಿಟ್ಟ ಕೂಡಲೇ ಚಿತ್ರ ಚೆನ್ನಾಗಿರುವುದಿಲ್ಲ, ದಪ್ಪ ಗಾಜು ತಣ್ಣಗಾಗಲು ಅರ್ಧ ಗಂಟೆ ಮುಕ್ಕಾಲು ಗಂಟೆ ಬೇಕು. ಆ ಹೊತ್ತಿಗೆ ಊಟ ಮಾಡಿಕೊಂಡು ಬನ್ನಿ. ಇನ್ನೊಂದು, ಕೊಳವೆಯನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತಿ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ತಿರುಪು ಬಿಗಿ ಮಾಡುವುದು. ಒಮ್ಮೆ ತಿರುಪು ಬಿಗಿಯಾಯಿತು ಅಂದುಕೊಂಡು ಕೈ ಬಿಟ್ಟೆ, ಕೊಳವೆ ಜಾರಿ ಮಡಿಲಿಗೆ ಬಿತ್ತು. ತೊಡೆಗೆ ಏನೂ ಗೊತ್ತಾಗಲಿಲ್ಲ. ಮಾರನೇ ದಿನ ಅಲ್ಲಿ ನೀಲಿಗಟ್ಟಿದ್ದು ನೋಡಿಯೇ ಪೆಟ್ಟು ಎಷ್ಟು ಅಂತ ತಿಳಿದಿದ್ದು. ಆಮೇಲಿನಿಂದ ಕೊಳವೆಗೆ ಹಳೇ ಬ್ಯಾಗಿನ ಪಟ್ಟಿ ಕಟ್ಟಿದ್ದೇನೆ. ಅದನ್ನು ಮೊದಲು ಮೌಂಟಿಗೆ ಕೊಕ್ಕೆ ಹಾಕಿ, ಆಮೇಲೆ ಉಳಿದ ಕೆಲಸ. ಮೌಂಟನ್ನು ಚಳಿಗಾಲ ಪೂರ್ತಿ ಕಂಬದ ಮೇಲೆಯೇ ಬಿಡುತ್ತೇನೆ, 20 ಲೀಟರ್ ಪೇಂಟ್ ಬಕೆಟ್ ಬೋರಲು ಹಾಕಿದರೆ ಇಬ್ಬನಿ ತಾಗಲ್ಲ.

ಗುರಿ ಹಿಡಿಯಲು ಜೊತೆಗೆ ಬಂದ ಕೆಂಪು ಚುಕ್ಕೆಯ ಫೈಂಡರ್ ನಮಗೆ ಆಗಿಬರುವುದಲ್ಲ. ನೆತ್ತಿಯ ಕಡೆ ತಿರುಗಿದಾಗ ಅದರಲ್ಲಿ ನೋಡಬೇಕಾದರೆ ತಲೆಯನ್ನು ಕೊಳವೆಯ ಕೆಳಗೆ ತೂರಿಸಬೇಕು. ಕಣ್ಣು ಪಕ್ಕದಿಂದ ಇಡುವ, 90 ಡಿಗ್ರಿಯ ಫೈಂಡರ್ ಹಾಕಿಸಿಕೊಳ್ಳಿ.

ಇನ್ನು ಸೀಸ್ಟಾರ್ ಎಸ್50. 2024ರ ಫೆಬ್ರುವರಿಯಲ್ಲಿ ತಗೊಂಡೆ. ಇದಕ್ಕೆ ಐಪೀಸೇ ಇಲ್ಲ. 50 ಎಂಎಂ ಲೆನ್ಸು, ಒಳಗೆ ಕ್ಯಾಮರಾ, ಬ್ಯಾಟರಿ, ಇಬ್ಬನಿ ಓಡಿಸುವ ಹೀಟರ್, ಎಲ್ಲ ಎರಡೂವರೆ ಕಿಲೋ ಡಬ್ಬದಲ್ಲಿ. ಹತ್ತು ಹತ್ತು ಸೆಕೆಂಡಿನ ಚಿತ್ರ ತೆಗೆದು ಒಂದರ ಮೇಲೊಂದು ಸೇರಿಸುತ್ತಾ ಹೋಗುತ್ತದೆ, ನಾನು ಫೋನಿನಲ್ಲಿ ನೋಡುತ್ತೇನೆ. ಇದರ ತಳಕ್ಕೂ ಅದೇ ಮೂರು ಸೂತು ಬೋಲ್ಟ್! ಮೊದಲು ಅದರ ಪುಟ್ಟ ಟ್ರೈಪಾಡನ್ನು ನೆಲದ ಮೇಲಿಟ್ಟು, ಮಟ್ಟ ನೋಡಲು ತಮ್ಮನನ್ನು ಕರೆಯಬೇಕಿತ್ತು. ಕಂಬದ ಮೇಲೆ ಕೂರಿಸಿದ ಮೇಲೆ ಯಾರನ್ನೂ ಕರೆದಿಲ್ಲ.

ಮಹಾವ್ಯಾಧನ ನೆಬ್ಯುಲಾ (ಆಕಾಶದಲ್ಲಿನ ಅನಿಲ, ಧೂಳಿನ ಮೋಡ) ಮ್ಯಾಕ್‌ನಲ್ಲಿ ಬೂದು ಬಣ್ಣದ ಹೊಗೆ, ನಡುವೆ ನಾಲ್ಕು ಚುಕ್ಕೆ. ಸೀಸ್ಟಾರ್‌ನಲ್ಲಿ ಐದೇ ನಿಮಿಷಕ್ಕೆ ಗುಲಾಬಿ ಬಣ್ಣ ಬಂದುಬಿಡುತ್ತದೆ. ಒಮೆಗಾ ಸೆಂಟಾರಿಯನ್ನು ನಾನು ನೋಡಿದ್ದು ಇದರಲ್ಲೇ, ಸಕ್ಕರೆ ಚೆಲ್ಲಿದ ಹಾಗೆ. ಗ್ರಹಗಳಿಗೆ ಇದು ಅಲ್ಲ. 250 ಎಂಎಂ ಫೋಕಲ್ ಲೆಂತ್‌ಗೆ ಶನಿ ಸಾಸಿವೆ ಕಾಳಿನಷ್ಟು. 2025ರಲ್ಲಿ ಶನಿಯ ಉಂಗುರ ಗೆರೆಯಷ್ಟು ತೆಳ್ಳಗಾದದ್ದನ್ನು ತೋರಿಸಿದ್ದು ಮ್ಯಾಕ್.

ನಿಜ ಹೇಳಬೇಕೆಂದರೆ ಸೀಸ್ಟಾರ್ ಮೇಲೆ ನನಗೆ ಪ್ರೀತಿ ಕಡಿಮೆ, ಗೌರವ ಜಾಸ್ತಿ. ಫೋನಿನಲ್ಲಿ ನೋಡುವುದು ಫೋಟೋ ನೋಡಿದ ಹಾಗೇ ಅಲ್ವಾ. ಆದರೆ ಭುಜ ನೋಯುವ ದಿನ, ಮೂತ್ರದ ಸೋಂಕಿನಿಂದ ಎದ್ದ ವಾರ, ಡಬ್ಬವನ್ನು ಹೊರಗಿಟ್ಟು ನಾನು ಒಳಗೆ ಮಂಚದ ಮೇಲಿದ್ದೇ ಆಂಡ್ರೊಮಿಡಾ ಗ್ಯಾಲಕ್ಸಿ ನೋಡಿದ್ದೇನೆ. ಕತ್ತು ಅಲ್ಲಾಡಿಸಲಾಗದವರು, ಕೈಬಲ ಇಲ್ಲದವರು ಬೇರೆ ಯೋಚನೆ ಮಾಡದೆ ಇದನ್ನೇ ತಗೊಳ್ಳಿ.

ಡಬ್ಬದ ಮೇಲೆ ಬರೆಯದ ಎರಡು ವಿಷಯ. ನಮ್ಮಂಥವರು ಅರ್ಧ ಗಂಟೆಗೊಮ್ಮೆಯಾದರೂ ಕೈ ಊರಿ ಮೈ ಎತ್ತಬೇಕು, ಇಲ್ಲದಿದ್ದರೆ ಕೂತಲ್ಲೇ ಹುಣ್ಣು. ಐಪೀಸಿಗೆ ಕಣ್ಣಿಟ್ಟರೆ ಹೊತ್ತು ಹೋಗಿದ್ದು ತಿಳಿಯುವುದಿಲ್ಲ. ಫೋನಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟಿದ್ದೇನೆ, ಏನೇ ಕಾಣುತ್ತಿರಲಿ, ಎತ್ತುತ್ತೇನೆ. ಇನ್ನೊಂದು ಸೊಳ್ಳೆ. ಕಾಲಿಗೆ ಕಚ್ಚಿದ್ದು ಗೊತ್ತಾಗಲ್ಲ. ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವ್ವ ಎಣಿಸಿದಳು, ಎಡಗಾಲಿನಲ್ಲೇ 31. ಈಗ ಕಂಬಳಿ, ಸಾಕ್ಸು, ಓಡೋಮಸ್ ಮೂರೂ ಇಲ್ಲದೆ ಹೊರಗೆ ಬರುವ ಹಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ರಜೆ. ಎರಡನ್ನೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಲೆನ್ಸಿಗೆ ಬೂಷ್ಟು ಹಿಡಿದರೆ ಕಷ್ಟ. ಆದರೂ 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ಮ್ಯಾಕ್ ಹೊರಗೆ ತೆಗೆದೆ. ರಾತ್ರಿ 11ಕ್ಕೆ ಪೂರ್ಣ ಗ್ರಹಣ, ಮೋಡ ಬರುತ್ತಾ ಹೋಗುತ್ತಾ ಇತ್ತು. ಅವ್ವ ಉಪವಾಸ, ಆದರೂ ಬಂದು ನೋಡಿದಳು. ಬೀದಿಯ ಮಕ್ಕಳು ಸಾಲು ನಿಂತರು. ಆಗ ಗೊತ್ತಾಗಿದ್ದು, ಎರಡನೇ ಮೂರನೇ ಕ್ಲಾಸಿನ ಮಕ್ಕಳು ನಿಂತರೆ ಅವರ ಕಣ್ಣು ಹೆಚ್ಚುಕಡಿಮೆ ನನ್ನ ಕಣ್ಣಿನ ಎತ್ತರಕ್ಕೇ ಬರುತ್ತದೆ. ಅವರಿಗೆ ಸ್ಟೂಲು ಬೇಕಾಗಲಿಲ್ಲ. ದೊಡ್ಡವರೆಲ್ಲ ಸೊಂಟ ಹಿಡಿದುಕೊಂಡು ಬಗ್ಗಿದರು. "ಇನ್ನೊಂದು ಅಡಿ ಎತ್ತರ ಮಾಡಿಸಬಾರದಿತ್ತಾ?" ಅಂತ ಪಕ್ಕದ ಮನೆಯ ಮೇಷ್ಟ್ರು ಕೇಳಿದರು. ಇಲ್ಲ ಸಾರ್, ಇದೇ ಸರಿಯಾಗಿದೆ ಅಂದೆ.

ಮೊನ್ನೆ ತಮ್ಮ ಫೋನ್ ಹಿಡಿದುಕೊಂಡು ಬಂದ. "ಅಕ್ಕಾ, ಎಂಟಿಂಚಿನದು ಒಂದು ಸೆಕೆಂಡ್ ಹ್ಯಾಂಡ್ ಇದೆ, ಒಳ್ಳೆ ರೇಟು, ಕೇಳ್ಲಾ?" ಅಂದ.

ಅದರ ಕೊಳವೆ ಎಷ್ಟು ಉದ್ದ ಅಂತ ಮೊದಲು ಕೇಳು ಅಂದೆ.